ಅರ್ಧ ಜಿನ್, ಎಂಟು ಲಿಯಾಂಗ್

ಎರಡರಲ್ಲೂ ಏನೂ ವ್ಯತ್ಯಾಸವಿಲ್ಲ ಎನ್ನಬೇಕಾದಾಗ ಚೀನೀಯರು ‘ಅರ್ಧ ಜಿನ್, ಎಂಟು ಲಿಯಾಂಗ್’ ಎನ್ನುತ್ತಾರೆ. ಆದರೆ ಇಂದು ಬೀಜಿಂಗಿನ ತರಕಾರಿ ಅಂಗಡಿಯಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಅರ್ಧ ಜಿನ್ ಎಂದರೆ ಐದೇ ಲಿಯಾಂಗ್. ತಕ್ಕಡಿ ಬದಲಾಯಿತು, ಮಾತು ಉಳಿಯಿತು. ನಾವೂ ಅಷ್ಟೆ, ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ವರ್ಷಗಳಾದರೂ ‘ಹದಿನಾರಾಣೆ ಸತ್ಯ’ ಎನ್ನುತ್ತೇವಲ್ಲವೇ?

ಹಳೆಯ ಜಿನ್‌ಗೆ 16 ಲಿಯಾಂಗ್. ಹದಿನಾರೇ ಏಕೆ ಎಂದರೆ ವಿಜ್ಞಾನ ಓದಿದ ನನಗೆ ಹೊಳೆಯುವುದು ಅರ್ಧ, ಕಾಲು, ಅರೆಕಾಲು ಎಂದು ಸಲೀಸಾಗಿ ಒಡೆಯುವ ಅನುಕೂಲ. ಚೀನೀ ಜನಪದದ ಉತ್ತರ ಇದಕ್ಕಿಂತ ಸೊಗಸಾಗಿದೆ. ಅಲ್ಲಿ ತಕ್ಕಡಿ ಕೋಲಿನ ಗುರುತುಗಳಿಗೆ ‘ನಕ್ಷತ್ರ’ ಎಂದೇ ಹೆಸರು. ಉತ್ತರದ ಏಳು, ದಕ್ಷಿಣದ ಆರು, ಜೊತೆಗೆ ಭಾಗ್ಯ, ಪದವಿ, ಆಯುಷ್ಯಗಳ ಮೂರು. ಒಂದು ಲಿಯಾಂಗ್ ಕದ್ದ ವ್ಯಾಪಾರಿಗೆ ಭಾಗ್ಯ ಹೋಗುತ್ತದೆ, ಎರಡಕ್ಕೆ ಪದವಿ, ಮೂರಕ್ಕೆ ಆಯುಷ್ಯ!

ಕ್ರಿಸ್ತಪೂರ್ವ 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಮನೆತನದ ಮೊದಲ ಸಾಮ್ರಾಟ ತೂಕದ ಬಟ್ಟುಗಳ ಮೇಲೆ ತನ್ನ ಆಜ್ಞೆಯನ್ನೇ ಕೆತ್ತಿಸಿದ. ಆಗಿನ ಜಿನ್ ಸುಮಾರು 250 ಗ್ರಾಂ. ಹೆಸರು ಹಾಗೆಯೇ ಉಳಿದರೂ ತೂಕ ಬೆಳೆಯುತ್ತ ಹೋಗಿ, ಕೊನೆಯ ರಾಜಮನೆತನದ ಹೊತ್ತಿಗೆ 600 ಗ್ರಾಂ ಸಮೀಪಿಸಿತ್ತು. ನಡುವೆ ಕ್ರಿ.ಶ. 621ರಲ್ಲಿ ತಾಂಗ್ ಅರಸರು ಹೊಸ ನಾಣ್ಯ ತಂದರು. ಹತ್ತು ನಾಣ್ಯ ಸೇರಿದರೆ ಒಂದು ಲಿಯಾಂಗ್. ನಾಣ್ಯವೆಂಬ ಅರ್ಥದ ‘ಚಿಯೆನ್’ ಹೀಗೆ ಲಿಯಾಂಗಿನ ಹತ್ತನೇ ಒಂದು ಪಾಲಿನ ತೂಕವಾಯಿತು.

ತರಕಾರಿಯ ತೂಕ ಹೆಚ್ಚುಕಡಿಮೆಯಾದರೆ ನಷ್ಟ ನಾಲ್ಕು ಕಾಸು. ಔಷಧಿಯದಾದರೆ? ಸುಮಾರು ಕ್ರಿ.ಶ. 200ರಲ್ಲಿ ವೈದ್ಯ ಜಾಂಗ್ ಜೋಂಗ್‌ಜಿಂಗ್ ಬರೆದ ಒಂದು ಕಷಾಯಕ್ಕೆ ಮಾಹುವಾಂಗ್ ಎಂಬ ಗಿಡ ಮೂರು ಲಿಯಾಂಗ್ ಬೇಕು. ಅವನ ಕಾಲದ ತೂಕವನ್ನು 15.6 ಗ್ರಾಂ ಎಂದು ಹಿಡಿದರೆ ಸುಮಾರು 47 ಗ್ರಾಂ ಆಗುತ್ತದೆ. ಹದಿನಾರನೆಯ ಶತಮಾನದ ಲಿ ಶಿಜೆನ್ ಮಾತ್ರ, ಹಿಂದಿನವರ ಒಂದು ಲಿಯಾಂಗಿಗೆ ಈಗ ಒಂದು ಚಿಯೆನ್ ಸಾಕು ಎಂದು ಬರೆದ. ಈ ಲೆಕ್ಕವನ್ನು ಇಂದಿನ ಗ್ರಾಂಗೆ ಇಳಿಸಿದರೆ ಒಂಬತ್ತೇ ಗ್ರಾಂ! ಮಾಹುವಾಂಗ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವ ಗಿಡ. ಐದು ಪಟ್ಟಿನ ಅಂತರ ಸಣ್ಣದಲ್ಲ. ಹಳೆಯ ಕಷಾಯವನ್ನು ಒಮ್ಮೆಗೇ ಕುಡಿಯುತ್ತಿರಲಿಲ್ಲ, ಪಾಲು ಮಾಡಿ ಕೊಡುತ್ತಿದ್ದರು ಎಂಬುದೂ ನಿಜ. ವಿದ್ವಾಂಸರ ಈ ವಾದ ಇನ್ನೂ ಮುಗಿದಿಲ್ಲ.

ಆಧುನಿಕ ಸರ್ಕಾರಗಳು ಜಾಣತನದ ದಾರಿ ಹಿಡಿದವು. 1929ರ ಕಾನೂನು ಜಿನ್ ಎಂಬ ಹೆಸರನ್ನು ಉಳಿಸಿಕೊಂಡು ತೂಕವನ್ನು ಸರಿಯಾಗಿ 500 ಗ್ರಾಂಗೆ ಕಟ್ಟಿತು. ಎರಡು ಜಿನ್‌ಗೆ ಒಂದು ಕಿಲೋ. ಹದಿನಾರರ ಲೆಕ್ಕ ಮಾತ್ರ ಉಳಿಯಿತು. 1959ರಲ್ಲಿ ಅದೂ ಹೋಗಿ ಜಿನ್‌ಗೆ ಹತ್ತು ಲಿಯಾಂಗ್ ಆಯಿತು, ಲಿಯಾಂಗ್ 50 ಗ್ರಾಂ ಆಯಿತು. ನಮ್ಮಲ್ಲಿ ಸೇರು, ತೊಲಗಳನ್ನು ಬಿಟ್ಟು ಕಿಲೋಗೆ ಹೊರಳಿದ್ದೂ ಆ ವರ್ಷಗಳಲ್ಲೇ.

ಆದರೆ 1959ರ ಆಜ್ಞೆ ದೇಶೀಯ ವೈದ್ಯರ ಔಷಧಿ ಚೀಟಿಗಳನ್ನು ಮುಟ್ಟಲಿಲ್ಲ. ಲೆಕ್ಕ ತಪ್ಪಿ ರೋಗಿಗೆ ಅಪಾಯವಾದೀತೆಂಬ ಭಯ. ಹಾಗಾಗಿ ಇಪ್ಪತ್ತು ವರ್ಷ ದಿನಸಿ ಅಂಗಡಿಯ ಲಿಯಾಂಗ್ 50 ಗ್ರಾಂ, ಔಷಧಿ ಅಂಗಡಿಯದು 31.25 ಗ್ರಾಂ! 1979ರ ಜನವರಿ 1ರಿಂದ ಅಲ್ಲಿಗೂ ಗ್ರಾಂ ಬಂತು. 3.125 ಗ್ರಾಂನ ಚಿಯೆನ್ನನ್ನು ಚಿಲ್ಲರೆ ಬಿಟ್ಟು ಮೂರು ಗ್ರಾಂ ಎಂದರು. ಇದನ್ನು ನಾನು ಕಳ್ಳತೂಕ ಎನ್ನಲಾರೆ. ಚೀಟಿ ಬರೆಯುವ ಕೈಗೆ ಸುಲಭದ ಅಂಕಿಯೇ ಸುರಕ್ಷಿತ.

ನೀವು ಆ ಕಡೆ ಪ್ರಯಾಣ ಹೊರಟಿದ್ದರೆ ಒಂದು ಎಚ್ಚರ. ತೈವಾನಿನಲ್ಲಿ ಜಿನ್ 600 ಗ್ರಾಂ, ಹಾಂಗ್‌ಕಾಂಗಿನಲ್ಲಿ ಸುಮಾರು 604.8 ಗ್ರಾಂ. ಹಾಂಗ್‌ಕಾಂಗಿನಲ್ಲಿ ಚಿನ್ನಕ್ಕೆಂದೇ 37.429 ಗ್ರಾಂನ ಬೇರೆ ಲಿಯಾಂಗ್ ಇದೆ. ಗಡಿಯ ಈಚೆ ಷೆಂಜೆನ್‌ನಲ್ಲಿ ಒಂದು ಜಿನ್ ಚಹಾ ಕೊಂಡು ಆಚೆ ಹಾಂಗ್‌ಕಾಂಗಿನಲ್ಲಿ ಇನ್ನೊಂದು ಕೊಂಡರೆ ನೂರು ಗ್ರಾಂಗೂ ಮಿಕ್ಕಿ ವ್ಯತ್ಯಾಸ. ಅಂದ ಹಾಗೆ, ಆ ಎರಡೂ ಕಡೆ ಜಿನ್‌ಗೆ ಇನ್ನೂ ಹದಿನಾರೇ ಲಿಯಾಂಗ್. ಅರ್ಧ ಜಿನ್ ಕೇಳಿದರೆ ಅಂಗಡಿಯವನು ಎಂಟು ಲಿಯಾಂಗನ್ನೇ ತೂಗಿಕೊಡುತ್ತಾನೆ.