ಕೇಬಲ್ ಕಂಪನಿ ಬದಲಿಸಿದರೆ ಹಳೆಯ ಸೆಟ್ ಟಾಪ್ ಬಾಕ್ಸ್ ಕೆಲಸಕ್ಕೆ ಬರುತ್ತದೆಯೇ?

“ಮೊಬೈಲ್ ನಂಬರ್ ಪೋರ್ಟ್ ಮಾಡಿದ ಹಾಗೆ ಕೇಬಲ್ ಕಂಪನಿಯನ್ನೂ ಬದಲಿಸಬಹುದು, ಬಾಕ್ಸ್ ಅದೇ ಸಾಕು.” “ತಿಂಗಳಿಗೆ 130 ರೂಪಾಯಿ ಕೊಟ್ಟರೆ ಎಲ್ಲ ಚಾನೆಲ್ ಕೊಡಲೇಬೇಕು, ಇದು ಸರ್ಕಾರದ ನಿಯಮ.” ಕೇಬಲ್ ಬಿಲ್ಲಿನ ಮಾತು ಬಂದಾಗಲೆಲ್ಲ ಇಂಥ ಮಾತುಗಳು ಓಡಾಡುತ್ತವೆ. ಇವನ್ನು ನಂಬಿ ಬಾಕ್ಸ್ ಬದಲಿಸಲು ಹೋದವರು ಹಣ ಕಳೆದುಕೊಳ್ಳುವ ಸಾಧ್ಯತೆ ಇದೆ. ನಿಜ ಏನೆಂದು ನೋಡೋಣ.

ಬಾಕ್ಸ್ ಬಂದದ್ದು ಹೇಗೆ?

2011ರಲ್ಲಿ ಕೇಬಲ್ ಟಿವಿ ಕಾನೂನಿಗೆ ತಿದ್ದುಪಡಿ ತಂದು, ದೇಶವನ್ನು ನಾಲ್ಕು ಹಂತಗಳಲ್ಲಿ ಡಿಜಿಟಲ್ ಮಾಡಲು ಹೊರಟರು. ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿದ್ದವು. ಗಡುವು 2013ರ ಮಾರ್ಚ್ 31. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಪಟ್ಟಣಗಳು ಮೂರನೇ ಹಂತಕ್ಕೆ ಸೇರಿದವು. ಗಡುವು 2015ರ ಡಿಸೆಂಬರ್ 31. ಸುತ್ತಲಿನ ಹಳ್ಳಿಗಳದ್ದು ನಾಲ್ಕನೇ ಹಂತ. ಅಲ್ಲಿಯವರೆಗೆ ತಂತಿಯನ್ನು ನೇರವಾಗಿ ಟಿವಿಗೆ ಸಿಕ್ಕಿಸಿದರೆ ಸಾಕಿತ್ತು. ಆಮೇಲೆ ಬಾಕ್ಸ್ ಇಲ್ಲದೆ ಚಿತ್ರ ಬರುವುದು ನಿಂತಿತು.

ಹೇಳಿಕೆ 1: ಒಂದೇ ಬಾಕ್ಸ್ ಎಲ್ಲ ಕಂಪನಿಗೂ ಆಗುತ್ತದೆ

ತಪ್ಪು. ಕಂಪನಿಯಿಂದ ಹೊರಡುವ ಸಿಗ್ನಲ್‌ಗೆ ಗುಪ್ತಲಿಪಿಯ ಬೀಗ ಹಾಕಿರುತ್ತಾರೆ. ಅದನ್ನು ತೆಗೆಯುವ ಕೀಲಿ ಅದೇ ಕಂಪನಿಯ ಬಾಕ್ಸ್‌ನಲ್ಲಿ ಅಥವಾ ಅದರೊಳಗಿನ ಕಾರ್ಡ್‌ನಲ್ಲಿ ಇರುತ್ತದೆ. ಒಂದು ಮನೆಯ ಕೀಲಿ ಇನ್ನೊಂದು ಮನೆಯ ಬೀಗಕ್ಕೆ ಹೊಂದುವುದಿಲ್ಲ, ಅಷ್ಟೇ. ಇನ್ನು ಕೇಬಲ್ ಬಾಕ್ಸ್‌ಗೆ ಡಿಶ್ ಸಿಕ್ಕಿಸುವುದಂತೂ ಆಗದ ಮಾತು. ತಂತಿಯಲ್ಲಿ ಬರುವ ಸಿಗ್ನಲ್ ಬೇರೆ, ಉಪಗ್ರಹದಿಂದ ಬರುವ ಸಿಗ್ನಲ್ ಬೇರೆ.

ಕೇಬಲ್ ಬಾಕ್ಸ್ ಎಲ್ಲ ಕೇಬಲ್ ಕಂಪನಿಗೂ, ಡಿಶ್ ಬಾಕ್ಸ್ ಎಲ್ಲ ಡಿಶ್ ಕಂಪನಿಗೂ ಹೊಂದುವಂತಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2020ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಆದರೆ ಶಿಫಾರಸು ಎಂದರೆ ಕಾನೂನಲ್ಲ. ಮೊಬೈಲ್ ನಂಬರ್ ಪೋರ್ಟ್ ಮಾಡುವ ಸೌಲಭ್ಯ ದೇಶವಿಡೀ 2011ರ ಜನವರಿಯಿಂದಲೇ ಇದೆ. ಟಿವಿ ಬಾಕ್ಸ್‌ಗೆ ಅಂಥದ್ದಿಲ್ಲ.

ಹೇಳಿಕೆ 2: 130 ರೂಪಾಯಿಗೆ ಎಲ್ಲ ಚಾನೆಲ್

ಇದು ಅರ್ಧ ಸತ್ಯ, ಅದೂ ಹಳೆಯದು. 2019ರ ಆರಂಭದಲ್ಲಿ ಜಾರಿಗೆ ಬಂದ ನಿಯಮದಂತೆ 130 ರೂಪಾಯಿ ಎನ್ನುವುದು 100 ಚಾನೆಲ್‌ಗಳವರೆಗಿನ ಸಂಪರ್ಕ ಶುಲ್ಕದ ಗರಿಷ್ಠ ಮಿತಿ. ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಧಾರಾವಾಹಿ, ಕ್ರಿಕೆಟ್ ಬರುವ ಪೇ ಚಾನೆಲ್‌ಗಳ ಬೆಲೆ ಅದರ ಮೇಲೆ ಪ್ರತ್ಯೇಕ. 2020ರಲ್ಲಿ ಚಾನೆಲ್ ಸಂಖ್ಯೆಯನ್ನು 200ಕ್ಕೆ ಏರಿಸಿದರು. 2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದು, ಶುಲ್ಕ ನಿಗದಿಯನ್ನು ಕಂಪನಿಗಳಿಗೆ ಬಿಟ್ಟಿತು. ಹಾಗಾಗಿ ಹಳೆಯ ಫಾರ್ವರ್ಡ್ ಹಿಡಿದು ಕೇಬಲ್‌ನವರ ಜೊತೆ ಜಗಳಕ್ಕೆ ಹೋಗಬೇಡಿ.

ಹೇಳಿಕೆ 3: ಪ್ಯಾಕ್ ತಗೊಳ್ಳಲೇಬೇಕು

ತಪ್ಪು. ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಆದರೆ ಹಲವು ಬಿಡಿ ಚಾನೆಲ್‌ಗಳ ಬೆಲೆ ಕೂಡಿಸಿದರೆ ಪ್ಯಾಕ್‌ಗಿಂತ ಹೆಚ್ಚಾಗುವುದೂ ಉಂಟು. ಎರಡನ್ನೂ ಲೆಕ್ಕ ಹಾಕಿ ನೋಡಿ.

ಹಾಗಾದರೆ ಆಯ್ಕೆ ಎಲ್ಲಿದೆ?

ನಿಮ್ಮ ಬೀದಿಗೆ ತಂತಿ ಎಳೆದಿರುವವರು ಸ್ಥಳೀಯ ಆಪರೇಟರ್. ಅವರ ಹಿಂದೆ ಸಿಗ್ನಲ್ ಕೊಡುವ ದೊಡ್ಡ ಕಂಪನಿ ಇರುತ್ತದೆ. ಒಂದು ಬೀದಿಯಲ್ಲಿ ಒಬ್ಬರದೇ ತಂತಿ ಇದ್ದರೆ, ಕಾಗದದ ಮೇಲೆ ಎಷ್ಟೇ ಕಂಪನಿಗಳಿದ್ದರೂ ನಿಮ್ಮ ಪಾಲಿಗೆ ಇರುವುದು ಒಂದೇ ಕೇಬಲ್. ಕೇಬಲ್‌ನಲ್ಲಿನ ಏಕಸ್ವಾಮ್ಯ ತಡೆಯಬೇಕೆಂದು ಟ್ರಾಯ್ 2013ರಲ್ಲೇ ಶಿಫಾರಸು ಮಾಡಿತ್ತು. ಇನ್ನುಳಿದ ದಾರಿ ಡಿಶ್. ಊರಿಂದ ದೂರದ ತೋಟದ ಮನೆಗಳಿಗೆ ಎಷ್ಟೋ ಸಲ ಅದೊಂದೇ ದಾರಿ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಚಂದನ ಸಿಗುತ್ತದೆ. ಆದರೆ ಪೇ ಚಾನೆಲ್‌ಗಳು ಸಿಗುವುದಿಲ್ಲ.

ಬದಲಿಸುವ ಮುನ್ನ

• ಬಾಕ್ಸ್ ಸ್ವಂತದ್ದೋ ಬಾಡಿಗೆಯದ್ದೋ ಎಂದು ರಸೀದಿ ನೋಡಿ. ಠೇವಣಿ ಕೊಟ್ಟಿದ್ದರೆ ಬಾಕ್ಸ್ ಹಿಂತಿರುಗಿಸುವಾಗ ವಾಪಸ್ ಕೇಳಿ.
• ಹೊಸ ಬಾಕ್ಸ್‌ನ ಬೆಲೆ, ಅಳವಡಿಕೆ ಶುಲ್ಕ, ತಿಂಗಳ ಬಿಲ್ ಮೂರನ್ನೂ ಕೂಡಿಸಿ ಹೋಲಿಸಿ.
• ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಿರಿ. ದೂರು ಕೊಟ್ಟಾಗ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.
• ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ.

ಒಟ್ಟಿನಲ್ಲಿ: ಕಂಪನಿ ಬದಲಿಸಲು ನಿಮಗೆ ಹಕ್ಕಿದೆ, ಆದರೆ ಬಾಕ್ಸ್ ಜೊತೆಗೆ ಬರುವುದಿಲ್ಲ. “130 ರೂಪಾಯಿಗೆ ಎಲ್ಲ” ಎಂಬ ಮೆಸೇಜ್ ಬಂದರೆ ಮುಂದಕ್ಕೆ ಕಳಿಸುವ ಬದಲು, ಕಳಿಸಿದವರಿಗೆ ಇದನ್ನು ಕಳಿಸಿ.