ಹುಚ್ಚರ ಆಸ್ಪತ್ರೆಯಿಂದ ಊರಿಗೆ ಮರಳುವ ದಾರಿ

ವಿಜಾಪುರ ಸೀಮೆಯ ಇತಿಹಾಸವನ್ನು ಬರೆಯಹೊರಟವರ ಲಕ್ಷ್ಯವು ಸಹಜವಾಗಿಯೇ ಗುಮ್ಮಟ, ಕೋಟೆ, ಶಾಸನಗಳ ಕಡೆಗೆ ಹರಿಯುವುದು. ಅಲ್ಲಿ ಕಲ್ಲು ತಾನಾಗಿಯೇ ಸಾಕ್ಷಿ ನುಡಿಯುತ್ತದೆ. ಆದರೆ ಇದೇ ಸೀಮೆಯ ಜನರಲ್ಲಿ ಚಿತ್ತದ ಸ್ಥಿಮಿತವನ್ನು ಕಳೆದುಕೊಂಡವರು ಎಲ್ಲಿಗೆ ಒಯ್ಯಲ್ಪಟ್ಟರು, ಅಲ್ಲಿಂದ ತಿರುಗಿ ಹೇಗೆ ಬಂದರು, ಬಾರದೆ ಉಳಿದವರ ಗತಿಯೇನಾಯಿತು ಎಂಬುದೂ ನಾಡಿನ ಇತಿಹಾಸದ ಒಂದು ಪ್ರಕರಣವೇ ಸರಿ. ಇದಕ್ಕೆ ಗೋಪುರಗಳಿಲ್ಲ. ಕಾಯಿದೆಯ ಕಲಮುಗಳೂ ಆಸ್ಪತ್ರೆಯ ದಾಖಲೆಪುಸ್ತಕಗಳೂ ಇದರ ಶಾಸನಗಳು.

ಕೃಷ್ಣೆಯ ಉತ್ತರ ದಂಡೆಯಲ್ಲಿ, ಬಾಗೇವಾಡಿ ತಾಲೂಕಿನಲ್ಲಿದ್ದ ಕೊಲ್ಹಾರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಣ್ಣಿನ ಗಡಿಗೆಯ ಮೊಸರಿಗಾಗಿ ಹೆಸರಾದ ಈ ಊರಿನಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಹಳ್ಳಿಗಳಲ್ಲಿರುವಂತೆಯೇ, ಮನೆಯಲ್ಲೊಬ್ಬರಿಗೆ ಚಿತ್ತಭ್ರಮೆಯಾದರೆ ಮೊದಲು ನೆನಪಾಗುತ್ತಿದ್ದುದು ದೇವರು, ಬಳಿಕ ದರ್ಗಾ, ಆಮೇಲೆ ಮದ್ದು ತಿಳಿದವರು. ಭೀಮೆಯ ಆಚೆಗಿನ ಗಾಣಗಾಪುರದ ದತ್ತಸನ್ನಿಧಿಗೆ ಇಂಥವರನ್ನು ಕರೆದೊಯ್ದು, ಸಂಗಮದಲ್ಲಿ ಮೀಯಿಸಿ, ಭಿಕ್ಷಾನ್ನದಲ್ಲಿ ಕಾಲ ಕಳೆದು ಸೇವೆ ಮಾಡಿಸುವ ರೂಢಿಯು ದೂರದೂರದ ಮನೆತನಗಳಲ್ಲಿ ಉಂಟು. ಈ ರೂಢಿಯಲ್ಲಿ ರೋಗಕ್ಕೆ ಔಷಧವೆಷ್ಟಿತ್ತೆಂಬುದು ಬೇರೆ ಮಾತು. ಆದರೆ ಒಂದು ಸಂಗತಿಯನ್ನು ಮರೆಯಲಾಗದು: ರೋಗಿಯೊಡನೆ ತಾಯಿಯೋ ಅಣ್ಣನೋ ಹೆಂಡತಿಯೋ ಜೊತೆಗಿರುತ್ತಿದ್ದರು, ಸೇವೆ ಮುಗಿದ ಮೇಲೆ ಅವರೊಡನೆಯೇ ಅವನು ಊರಿಗೆ ಮರಳುತ್ತಿದ್ದನು. ಹಾಗೆಂದು ಹಳೆಯ ಕಾಲವನ್ನು ಹೊಗಳಹೊರಟರೆ ಅದು ತಪ್ಪಾಗುವುದು. ಕಾಲಿಗೆ ಸರಪಳಿ ಹಾಕಿ ಕಂಬಕ್ಕೆ ಕಟ್ಟಿಡುವುದೂ ಅದೇ ರೂಢಿಯ ಇನ್ನೊಂದು ಮುಖವಾಗಿತ್ತು.

ಧಾರವಾಡದಲ್ಲಿ ಇಂಗ್ಲಿಷರ ಆಡಳಿತವು ಹುಚ್ಚರ ಆಸ್ಪತ್ರೆಯನ್ನು ಸ್ಥಾಪಿಸಿದ್ದು 1845ರಲ್ಲಿ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಿಗೆಲ್ಲ ಅದೇ ಆಸರೆಯಾಯಿತು. ಆಗಿನ ಕಲಾದಗಿ ಜಿಲ್ಲೆಯ ಮುಖ್ಯ ಠಾಣೆಯು 1880ರ ದಶಕದಲ್ಲಿ ವಿಜಾಪುರಕ್ಕೆ ಬಂದಿತು. ಅದೇ ದಶಕದಲ್ಲಿ ಹೋಟಗಿಯಿಂದ ಗದಗಿನವರೆಗಿನ ರೈಲುದಾರಿಯೂ ಆಯಿತು. ಆದರೂ ಕೊಲ್ಹಾರದಂಥ ಊರಿನವರಿಗೆ ಧಾರವಾಡವು ಹೊಳೆಯಾಚೆಯ ಪರಸ್ಥಳವೇ. ಹೋಗುವಾಗ ಪೋಲೀಸರು ಜೊತೆಗಿದ್ದರೆ ದಾರಿ ತಾನಾಗಿ ಸಾಗುತ್ತಿತ್ತು, ಬರುವಾಗಿನ ದಾರಿಗೆ ಮಾತ್ರ ಮನೆಯವರೇ ಬೇಕು. ಉತ್ತರ ಕರ್ನಾಟಕದ ಮಾತಿನಲ್ಲಿ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಚೇಷ್ಟೆ ಹುಟ್ಟಿಕೊಂಡಿತು. ಕವಿಗಳ, ಕಾಲೇಜುಗಳ ಊರಿಗೆ ಇಂಥ ಇನ್ನೊಂದು ಕೀರ್ತಿ ಬಂದುದು ವಿಚಿತ್ರವೇ.

ಕಾಯಿದೆಯ ರೀತಿ ಹೀಗಿತ್ತು. 1858ರಲ್ಲಿ ಮೊದಲು ಬಂದ ಕಾಯಿದೆಯನ್ನು ತೆಗೆದು 1912ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಹುಚ್ಚರ ಕಾಯಿದೆಯನ್ನು ಮಾಡಲಾಯಿತು. ಹುಚ್ಚಿನಿಂದ ಅಲೆದಾಡುವವನನ್ನು ಅಥವಾ ಅಪಾಯಕಾರಿಯೆಂದು ತೋರಿದವನನ್ನು ಠಾಣೆಯ ಅಧಿಕಾರಿ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ತರುವುದು, ವೈದ್ಯನ ದಾಖಲೆಯನ್ನು ಪಡೆದು ಅವರು ಹುಕುಮು ಕೊಡುವುದು, ಆ ಹುಕುಮಿನ ಮೇಲೆ ಆಸ್ಪತ್ರೆಯ ಬಾಗಿಲು ತೆರೆಯುವುದು. ಕಳ್ಳನನ್ನು ತುರಂಗಕ್ಕೆ ಒಯ್ಯುವ ದಾರಿಗೂ ಇದಕ್ಕೂ ಹೆಚ್ಚಿನ ಭೇದವಿರಲಿಲ್ಲ. ಒಂದು ಭೇದವಿತ್ತು, ಅದು ಕಳ್ಳನಿಗೇ ಅನುಕೂಲವಾದುದು. ಕಳ್ಳನ ಶಿಕ್ಷೆಗೆ ಅವಧಿಯುಂಟು, ಅವಧಿ ಮುಗಿದ ದಿನ ಅವನನ್ನು ಯಾರೂ ಕೇಳದೆ ಹೊರಗೆ ಬಿಡಬೇಕು. ಹುಚ್ಚನಿಗೆ ಅವಧಿಯಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡುವುದು ಯೋಗ್ಯ. ಕಾಯಿದೆಯಲ್ಲಿ ಬಿಡುಗಡೆಗೆ ಎಡೆಯೇ ಇರಲಿಲ್ಲವೆಂದಲ್ಲ. ಆಸ್ಪತ್ರೆಯ ಸಂದರ್ಶಕರಲ್ಲಿ ಮೂವರು, ಅವರಲ್ಲೊಬ್ಬರು ವೈದ್ಯಾಧಿಕಾರಿಯಾಗಿದ್ದು, ಕೂಡಿ ಹುಕುಮು ಮಾಡಿ ರೋಗಿಯನ್ನು ಬಿಡಬಹುದಾಗಿತ್ತು. ಇನ್ನೂ ಪೂರ್ಣ ಗುಣವಾಗದವನನ್ನು ಸಂಬಂಧಿಕನೋ ಸ್ನೇಹಿತನೋ ಬಂದು ಕೇಳಿದರೆ, ಅವನನ್ನು ಚೆನ್ನಾಗಿ ನೋಡಿಕೊಳ್ಳುವೆನು, ತನಗೂ ಪರರಿಗೂ ಅವನು ಕೇಡು ಮಾಡದಂತೆ ಕಾಯುವೆನು ಎಂದು ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಒಪ್ಪಿಸಬಹುದಾಗಿತ್ತು. ಕಾಯಿದೆ ಬರೆದವರಿಗೆ ಇದು ದಯೆಯ ಏರ್ಪಾಡೆಂದೇ ತೋರಿರಬೇಕು. ಆದರೆ ಇದರ ಅರ್ಥವೇನಾಯಿತು? ಒಳಗೆ ಹೋಗುವುದಕ್ಕೆ ಸರಕಾರದ ರುಜು ಸಾಕು, ಹೊರಗೆ ಬರುವುದಕ್ಕೆ ಮಾತ್ರ ಮನೆಯವರ ರುಜು ಬೇಕು. ಗುಣವಾದವನನ್ನು ಸಂದರ್ಶಕರು ಬಿಟ್ಟರೂ ಅವನು ಹೋಗುವುದೆಲ್ಲಿಗೆ? ಮನೆಯಲ್ಲಿ ತಂದೆತಾಯಿ ತೀರಿಹೋಗಿ, ಹೊಲ ದಾಯಾದಿಗಳ ಪಾಲಾಗಿ, ಹೆಂಡತಿ ತವರಿಗೆ ಹೋಗಿದ್ದರೆ ಕಾಗದಕ್ಕೆ ರುಜು ಹಾಕುವವರು ಯಾರು? ಹೆಂಗಸರ ಪಾಡು ಇನ್ನೂ ಕಷ್ಟದ್ದು. ಗಂಡನ ಮನೆಯವರು ‘ತವರಿನವರು ಒಯ್ಯಲಿ’ ಎನ್ನುವುದು, ತವರಿನವರು ‘ಕೊಟ್ಟ ಹೆಣ್ಣು ಕುಲದ ಹೊರಗೆ’ ಎನ್ನುವುದು. ಇವರಿಬ್ಬರ ನಡುವೆ ಬಾಗಿಲು ಮುಚ್ಚಿದಂತೆಯೇ. ರೋಗದಿಂದಲ್ಲ, ರುಜುವಿಲ್ಲದ್ದರಿಂದ ಉಳಿದವರೆಂಬ ಒಂದು ವರ್ಗವೇ ದೇಶದ ಇಂಥ ಆಸ್ಪತ್ರೆಗಳಲ್ಲೆಲ್ಲ ಬೆಳೆಯಿತು. 1912ರ ಈ ಕಾಯಿದೆಯು 1993ರ ತನಕ, ಎಂದರೆ ಸ್ವಾತಂತ್ರ್ಯ ಬಂದು ನಾಲ್ವತ್ತಾರು ವರ್ಷಗಳ ತನಕ, ನಡೆಯಿತು.

ಈ ನಡುವೆ ಹೆಸರುಗಳು ಬದಲಾದುವು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಹುಚ್ಚರ ಆಶ್ರಯವು 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎನಿಸಿತು, ಮುಂದಿನ ದಶಕದಲ್ಲಿ ಲಕ್ಕಸಂದ್ರದ ವಿಶಾಲವಾದ ಬಯಲಿಗೆ ಹೋಯಿತು. ಡಾ. ಫ್ರಾಂಕ್ ನರೋನ್ಹಾ, ಅವರ ತರುವಾಯ ಡಾ. ಎಂ. ವಿ. ಗೋವಿಂದಸ್ವಾಮಿ ಇವರ ಕಾಲದಲ್ಲಿ ಅದು ಕಾವಲುಮನೆಯ ಸ್ವರೂಪವನ್ನು ಬಿಟ್ಟು ವಿದ್ಯಾಸ್ಥಾನವಾಗತೊಡಗಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು, 1974ರಲ್ಲಿ ಅವೆರಡೂ ಕೂಡಿ ಇಂದು ಎಲ್ಲರ ಬಾಯಲ್ಲಿರುವ ನಿಮ್ಹಾನ್ಸ್ ಆಯಿತು. 1956ರ ರಾಜ್ಯ ಪುನರ್ರಚನೆಯಿಂದ ಧಾರವಾಡದ ಆಸ್ಪತ್ರೆಯೂ ಮೈಸೂರು ರಾಜ್ಯಕ್ಕೆ ಸೇರಿತು. ಬೆಂಗಳೂರಿಗೆ ಬಂದ ಭಾಗ್ಯವು ಅದಕ್ಕೆ ಬಹುಕಾಲ ಬರಲಿಲ್ಲ.

1952ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೋಮಜೀನ್ ಎಂಬ ಔಷಧವನ್ನು ಚಿತ್ತರೋಗಿಗಳಿಗೆ ಕೊಟ್ಟು ನೋಡಿದುದು ಪ್ರಪಂಚದ ಎಲ್ಲ ಆಸ್ಪತ್ರೆಗಳ ಗೋಡೆಗಳನ್ನೂ ಅಲುಗಿಸಿತು. ಅಬ್ಬರಿಸುತ್ತಿದ್ದವರು ಶಾಂತರಾಗಿ ಮಾತಾಡತೊಡಗಿದರೆ ಅವರನ್ನು ಬೀಗದೊಳಗೆ ಇಡುವುದಕ್ಕೆ ಕಾರಣವೇನುಳಿಯಿತು? ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹೊಡೆಸಿ, ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ರೋಗವನ್ನು ಕಣ್ಣಾರೆ ಕಂಡು, ಗುಣವಾಗುವುದನ್ನೂ ಕಂಡು, ಕರೆದುಕೊಂಡು ಹೋದರು. ಗಾಣಗಾಪುರದ ರೂಢಿಯಲ್ಲಿದ್ದ ಒಳ್ಳೆಯ ಅಂಶವು ಇಲ್ಲಿ ವೈದ್ಯದೊಡನೆ ಕೂಡಿಕೊಂಡಿತೆಂದರೆ ಸಲ್ಲುವುದು. ವೆಲ್ಲೂರು, ಬೆಂಗಳೂರುಗಳೂ ಈ ದಾರಿಯನ್ನು ಹಿಡಿದವು.

ಪಶ್ಚಿಮದಲ್ಲಿ ಇದಕ್ಕಿಂತ ಹಳೆಯ ಉದಾಹರಣೆಯೊಂದುಂಟು. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ, ಸಂತ ಡಿಂಫ್ನಾಳ ಗುಡಿಗೆ ಹರಕೆ ಹೊತ್ತು ಬಂದ ಚಿತ್ತರೋಗಿಗಳನ್ನು ಊರಿನ ಒಕ್ಕಲಿಗರು ತಮ್ಮ ಮನೆಗಳಲ್ಲಿಯೇ ಇರಿಸಿಕೊಳ್ಳುವ ಪದ್ಧತಿ ಮಧ್ಯಯುಗದಿಂದ ನಡೆದುಬಂದಿದೆ. 1930ರ ದಶಕದ ಕೊನೆಗೆ ಹೀಗೆ ಮನೆಗಳಲ್ಲಿದ್ದವರು 3,500ಕ್ಕೂ ಹೆಚ್ಚು. ಅಮೇರಿಕೆಯದು ಇದಕ್ಕೆ ವಿಪರೀತವಾದ ಕಥೆ. 1955ರಲ್ಲಿ ಅಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷ ಜನರಿದ್ದರು, ಇಪ್ಪತ್ತೈದು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕಿಂತ ಕಡಿಮೆಯಾದರು. ಹೊರಗೆ ಬಂದವರಿಗಾಗಿ 1963ರಲ್ಲಿ ಕಾಯಿದೆಯೇನೋ ಆಯಿತು, ಬೇಕಾದಷ್ಟು ಕೇಂದ್ರಗಳು ಆಗಲಿಲ್ಲ. ಬಹು ಜನರು ಬೀದಿಗೂ ಸೆರೆಮನೆಗೂ ಸೇರಿದರು. ಬಾಗಿಲು ತೆರೆಯುವುದು ಸುಲಭವಾದ ಅರ್ಧ ಕೆಲಸ ಮಾತ್ರ.

ಇಟಲಿಯ ತ್ರಿಯೆಸ್ತೆ ನಗರದಲ್ಲಿ ಇನ್ನುಳಿದ ಅರ್ಧವನ್ನೂ ಮಾಡಲೆತ್ನಿಸಿದವರು ಡಾ. ಫ್ರಾಂಕೋ ಬಸಾಲ್ಯಾ. 1971ರಲ್ಲಿ ಅವರು ಅಲ್ಲಿನ ಆಸ್ಪತ್ರೆಯ ಮುಖ್ಯಸ್ಥರಾದಾಗ ಒಳಗೆ ಸುಮಾರು 1,200 ಜನರಿದ್ದರು. ಒಳಗಿದ್ದವರು ಕಸ ಗುಡಿಸಿ ಅಡಿಗೆ ಮಾಡುವುದನ್ನು ‘ಚಿಕಿತ್ಸೆ’ ಎಂದು ಕರೆದು ಪುಕ್ಕಟೆ ದುಡಿಸುವುದನ್ನು ನಿಲ್ಲಿಸಿ, ಅವರದೇ ಸಹಕಾರಿ ಸಂಘವನ್ನು ಕಟ್ಟಿ ಕೂಲಿ ಕೊಡಿಸಿದರು. ಬಿಡುಗಡೆಯಾಗಿಯೂ ಹೋಗಲು ಮನೆಯಿಲ್ಲದವರನ್ನು ರೋಗಿಗಳೆನ್ನದೆ ‘ಅತಿಥಿ’ಗಳೆಂದು ಅಲ್ಲಿಯೇ ಇರಗೊಟ್ಟು, ಊರೊಳಗೆ ಮನೆಗಳನ್ನು ಹುಡುಕಿಸಿದರು. 1973ರಲ್ಲಿ ರೋಗಿಗಳೂ ಕಲಾವಿದರೂ ಕೂಡಿ ಮಾಡಿದ ಒಂದು ದೊಡ್ಡ ನೀಲಿ ಕುದುರೆಯು ಬಾಗಿಲಲ್ಲಿ ಹಿಡಿಯಲಾರದೆ, ಬಾಗಿಲನ್ನೇ ಒಡೆದು ಹೊರಗೆ ಒಯ್ಯಬೇಕಾಯಿತಂತೆ. 1978ರ ಮೇ ತಿಂಗಳಲ್ಲಿ ಇಟಲಿಯು ಇಂಥ ಆಸ್ಪತ್ರೆಗಳನ್ನು ಕ್ರಮವಾಗಿ ಮುಚ್ಚುವ ಕಾಯಿದೆಯನ್ನೇ ಮಾಡಿತು.

ಕನ್ನಡ ನಾಡೂ ಆ ದಶಕದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ದಕ್ಷಿಣ ಕನ್ನಡದ ಕೋಟ ಎಂಬ ಊರಿನಲ್ಲಿ ಡಾ. ಆರ್. ಎಲ್. ಕಪೂರ್ ಮತ್ತು ಡಾ. ಕಾರ್‌ಸ್ಟೇರ್ಸ್ ಇವರು ಮನೆಮನೆಗೆ ತಿರುಗಿ ಜನರ ಮನಸ್ಸಿನ ಬೇನೆಗಳನ್ನು ವಿಚಾರಿಸಿ, 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸ್ ಸಂಸ್ಥೆಯ ಗ್ರಾಮಾಂತರ ಕೇಂದ್ರವು ಬೆಳೆಯಿತು. ಅಲ್ಲಿ ಕಲಿತ ಪಾಠವನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ದಾದಿಗೂ ಚಿತ್ತರೋಗವನ್ನು ಗುರುತಿಸುವುದನ್ನು ಕಲಿಸಿ, ಔಷಧವನ್ನು ಅಲ್ಲಿಯೇ ದೊರಕಿಸುವುದು ಅದರ ತಿರುಳು. ಇದು ಸಣ್ಣ ಮಾತಾಗಿ ಕಾಣಬಹುದು. ಆದರೆ ಔಷಧಕ್ಕಾಗಿ ತಿಂಗಳು ತಿಂಗಳು ಧಾರವಾಡಕ್ಕೆ ಹೋಗಬೇಕಾದವನು ಮೂರನೆಯ ತಿಂಗಳಿಗೆ ಔಷಧವನ್ನು ಬಿಡುವನು, ಆರನೆಯ ತಿಂಗಳಿಗೆ ಮತ್ತೆ ಒಳಗೆ ಹೋಗುವನು. ಊರಲ್ಲಿ ಬಾಳುವುದು ಬಹುಮಟ್ಟಿಗೆ ಔಷಧವು ಊರಿಗೆ ಬರುವುದರ ಮೇಲೆ ನಿಂತಿದೆ. ಬಳ್ಳಾರಿಯ ಈ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು.

ಆದರೂ ರುಜುವಿಲ್ಲದವರ ಪ್ರಶ್ನೆ ಹಾಗೆಯೇ ಉಳಿದಿತ್ತು. 1987ರಲ್ಲಿ ಪಾಸಾಗಿ 1993ರಲ್ಲಿ ಜಾರಿಗೆ ಬಂದ ಕಾಯಿದೆಯು ‘ಹುಚ್ಚ’ ಎಂಬ ಶಬ್ದವನ್ನು ತೆಗೆಯಿತೇ ಹೊರತು ಮನೆಯಿಲ್ಲದವನಿಗೆ ಮನೆಯನ್ನು ತೋರಿಸಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ಪ್ರಕಟಿಸಿದ ವರದಿಯು ದೇಶದ ಆಸ್ಪತ್ರೆಗಳಲ್ಲಿ ಗೋಡೆ, ಕೋಣೆ, ಬೀಗಗಳು ಇನ್ನೂ ಹಳೆಯ ಕಾಲದವೇ ಆಗಿರುವುದನ್ನು ತೋರಿಸಿತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ದರ್ಗಾದ ಹತ್ತಿರದ ಖಾಸಗಿ ವಸತಿಯಲ್ಲಿ ಸರಪಳಿಗೆ ಕಟ್ಟಲ್ಪಟ್ಟಿದ್ದ 28 ಜನರು ಸುಟ್ಟು ಸತ್ತರು.

2006ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ, ಅಂಗವಿಕಲರೆಲ್ಲರಿಗೂ ತಾವೆಲ್ಲಿ, ಯಾರೊಡನೆ ಬಾಳಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕಿದೆಯೆಂದು ಬರೆಯಲಾಯಿತು. ಮರುವರ್ಷವೇ ಭಾರತವು ಅದನ್ನು ಅಂಗೀಕರಿಸಿತು. ಇದರ ಫಲವಾಗಿ 2017ರಲ್ಲಿ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆ ಬಂದು, 2018ರಿಂದ ನಡೆಯತೊಡಗಿತು. ಮನೆಯವರಿಲ್ಲ, ಇದ್ದರೂ ಒಪ್ಪುವುದಿಲ್ಲ, ಇರಲು ಸೂರಿಲ್ಲ, ಅಥವಾ ಹೊರಗೆ ತಕ್ಕ ಏರ್ಪಾಡಿಲ್ಲ ಎಂಬ ಕಾರಣ ಮಾತ್ರದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದು ಎಂದು ಅದರ ಹತ್ತೊಂಬತ್ತನೆಯ ಕಲಮು ಹೇಳುತ್ತದೆ. ಮನೆಯವರು ಕೈಬಿಟ್ಟವನಿಗೆ ಸರಕಾರವು ಕಾನೂನಿನ ನೆರವನ್ನಿತ್ತು, ಮನೆಯಲ್ಲಿ ವಾಸಿಸುವ ಹಕ್ಕನ್ನು ಸಾಧಿಸಿಕೊಡಬೇಕೆಂದೂ ಹೇಳುತ್ತದೆ. 1912ರ ಮುಚ್ಚಳಿಕೆಯನ್ನು ನೆನೆದರೆ ಇದು ಪೂರ್ಣ ತಿರುವು. ಅಂದು ಮನೆಯವರು ಒಪ್ಪಿದರೆ ಬಿಡುಗಡೆ, ಇಂದು ಅವರು ಒಪ್ಪದಿದ್ದರೂ ಇವನ ಹಕ್ಕು ಉಳಿದಿದೆ.

ಈ ಕಲಮನ್ನು ಕೊಲ್ಹಾರಕ್ಕೆ ತಂದು ನೋಡಿದರೆ ಅದರ ಬೆಲೆಯೂ ಬಿಗುವೂ ತಿಳಿಯುವುವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಕೊಲ್ಹಾರವು ಮುಳುಗಡೆಯಾಗಿ, ಊರು ಎತ್ತರದ ನೆಲಕ್ಕೆ ಏರಿತು. ಇಂದು ಅದು ತಾಲೂಕಿನ ಮುಖ್ಯ ಸ್ಥಳವೂ ಆಗಿದೆ. ಮುಳುಗಡೆಗೆ ಮುಂಚೆ ಆಸ್ಪತ್ರೆ ಸೇರಿದವನೊಬ್ಬನ ವಿಳಾಸವನ್ನು ದಾಖಲೆಪುಸ್ತಕದಿಂದ ತೆಗೆದರೆ, ಆ ಓಣಿಯು ನೀರಿನ ಕೆಳಗಿರುವುದು. ನೆರೆಯವರು ಚದರಿ ಬೇರೆ ಬೇರೆ ಸಾಲುಗಳಲ್ಲಿ ನೆಲೆಸಿರುವರು. ಪರಿಹಾರದ ಹಣದಿಂದ ಕಟ್ಟಿದ ಹೊಸ ಮನೆಯಲ್ಲಿ ಅವನಿಗೊಂದು ಕೋಣೆಯನ್ನು ಯಾರೂ ಎಣಿಸಿರಲಾರರು. ಹೀಗಿರಲು ಅವನ ‘ಮನೆ’ ಯಾವುದು? ಊರನ್ನೇ ಎತ್ತಿ ಇನ್ನೊಂದೆಡೆ ಇಡಿಸಿಕೊಂಡ ಕೃಷ್ಣಾತೀರದ ಜನರಿಗೆ, ಗೋಡೆ ಛಾವಣಿಗಳಿಂದಷ್ಟೇ ಮನೆಯಾಗುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಳಲು ಮನೆಯೇ ಇಲ್ಲದವರಿಗಾಗಿ ಮಾಡಿದ ಪ್ರಯತ್ನಗಳು ದಕ್ಷಿಣದೇಶದಲ್ಲಿ ಕೆಲವುಂಟು. ಬೆಂಗಳೂರಿನಲ್ಲಿ 1964ರಲ್ಲಿ ಹುಟ್ಟಿದ ಮೆಡಿಕೋ ಪ್ಯಾಸ್ಟೋರಲ್ ಸಂಘವೂ, 1986ರ ರಿಚ್ಮಂಡ್ ಫೆಲೋಶಿಪ್ ಸಂಸ್ಥೆಯೂ ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳನ್ನು ನಡೆಯಿಸಿದವು. ಚೆನ್ನೈಯಲ್ಲಿ 1993ರಲ್ಲಿ ಇಬ್ಬರು ತರುಣಿಯರು ಆರಂಭಿಸಿದ ಬ್ಯಾನ್ಯನ್ ಎಂಬ ಸಂಸ್ಥೆಯು 2015ರಿಂದ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ವರ್ಷಗಟ್ಟಲೆ ಒಳಗಿದ್ದ ನಾಲ್ಕೈದು ಜನರು ತಾವೇ ಒಬ್ಬರನ್ನೊಬ್ಬರು ಆರಿಸಿಕೊಂಡು, ಸಾಮಾನ್ಯ ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಸಂಸಾರದಂತೆ ಬಾಳುವುದು, ನೆರವಿಗೆ ಒಬ್ಬಾಕೆ ಜೊತೆಗಿರುವುದು, ಇಷ್ಟೇ ಅದರ ಏರ್ಪಾಡು. ಇಲ್ಲಿ ಫಲಕವಿಲ್ಲ, ಕಾವಲುಗಾರನಿಲ್ಲ. ಮನೆಯೊಡೆಯನಿಗೆ ಮುಂಗಡ ಕೊಟ್ಟು, ಅವನ ಸಂದೇಹಗಳಿಗೆ ಉತ್ತರ ಹೇಳಿ, ರೇಶನ್ ಕಾರ್ಡು ಮಾಡಿಸಿ, ಬ್ಯಾಂಕಿನಲ್ಲಿ ಖಾತೆ ತೆರೆಯಿಸಬೇಕು. ಇಪ್ಪತ್ತು ವರ್ಷ ಗಂಟೆಯ ಸದ್ದಿಗೆ ಎದ್ದು ಉಂಡು ಮಲಗಿದವರು, ಇಂದು ಪಲ್ಯ ಯಾವುದು ಮಾಡೋಣ ಎಂಬ ಪ್ರಶ್ನೆಯ ಮುಂದೆ ಮೊದಮೊದಲು ತಬ್ಬಿಬ್ಬಾಗುವರು. ಸಂತೆಗೆ ಹೋಗಿ ಚಿಲ್ಲರೆ ಎಣಿಸುವುದನ್ನೂ ಅವರು ಹೊಸದಾಗಿ ಕಲಿಯಬೇಕಾಗುವುದು. ಬಾಗಿಲ ಚಿಲಕವು ಒಳಗಡೆಗಿರುವುದು, ಅದನ್ನು ಹಾಕುವುದೂ ತೆಗೆಯುವುದೂ ಅವರದೇ ಕೈ.