ಅಜ್ಜಿಯ ಮಡಿಲು, ಆಚಾರ್ರ ತಂತಿ

ಮೊಮ್ಮಗಳ ಕಿವಿ ಚುಚ್ಚಿಸುವ ಮಾತು ಬಂದಾಗಲೆಲ್ಲ ನನ್ನ ಕೈ ನನ್ನದೇ ಎಡಗಿವಿಗೆ ಹೋಗುತ್ತಿತ್ತು. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯ ಜಗಲಿಯಲ್ಲಿ ಅಜ್ಜಿ ನನ್ನನ್ನು ಮಡಿಲಲ್ಲಿ ಅವುಚಿ ಹಿಡಿದು ಬಾಯಿಗೆ ಬೆಲ್ಲ ಇಟ್ಟಿದ್ದರು. ಆಚಾರ್ರು ಚಿನ್ನದ ತಂತಿ ಚುಚ್ಚಿದ್ದರು. ಹೊರಗೆ ಬಿಡದ ಮಳೆ. ಕಿವಿ ಕೀವಾಗಿ ತಿಂಗಳುಗಟ್ಟಲೆ ನೋಯಿತು. ಗಂಟು ಈಗಲೂ ಇದೆ.

ಆ ಮಡಿಲು ಹೊಸದೇನಲ್ಲ. ಸುಶ್ರುತಸಂಹಿತೆಯೂ ಮಗುವನ್ನು ಮಡಿಲಲ್ಲಿ ಕೂರಿಸಿ, ಆಟಿಕೆ ತೋರಿಸಿ ರಮಿಸುತ್ತ, ಬಿಸಿಲು ಹಾಯುವ ತೆಳುಜಾಗ ನೋಡಿ ಚುಚ್ಚಬೇಕೆನ್ನುತ್ತದೆ. ಹೆಣ್ಣುಮಗುವಿಗೆ ಎಡಗಿವಿ ಮೊದಲು. ನೆತ್ತರು ಹೆಚ್ಚಾದರೆ, ನೋವಾದರೆ ಜಾಗ ತಪ್ಪಿತೆಂದು ತಿಳಿಯಬೇಕಂತೆ. ಹೊಯ್ಸಳರ ಮೂಲವೆನ್ನುವ ಸೊಸೆವೂರು ನಮ್ಮ ತಾಲ್ಲೂಕಿನ ಅಂಗಡಿ ಎಂಬ ಊರೇ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯ ಮದನಿಕೆಯರ ಕಿವಿಯ ಭಾರ ನೋಡಿದಾಗ, ಇವರ ಅಜ್ಜಿಯರೂ ಬೆಲ್ಲ ಕೊಟ್ಟಿರಬೇಕು ಎನಿಸುತ್ತದೆ.

ಹಳಬರ ಕಣ್ಣಿಗೆ ಬೀಳದೆ ಉಳಿದದ್ದು, ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಸೂಜಿಯ ಮೇಲೆ ಸಾಗುವ ರೋಗ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಸಿಕ್ಕಿದ್ದೇ 1960ರ ದಶಕದಲ್ಲಿ. ಅದನ್ನು ಕಂಡ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು.

“ಒಡವೆ ಅಂಗಡಿಯಲ್ಲಿ ಗನ್ ಇದೆಯಮ್ಮ, ಒಂದೇ ಕ್ಷಣ” ಎಂದಳು ಮಗಳು.

“ಆ ಪ್ಲಾಸ್ಟಿಕ್ ಗನ್ನನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡೋಕಾಗತ್ತಾ ಮಾರಾಯ್ತಿ?” ಎಂದೆ.

ಕೊನೆಗೆ ಡಾಕ್ಟರರ ಬಳಿ ಹೋದೆವು. ಲಸಿಕೆಗಳೆಲ್ಲ ಆಗಿವೆಯೇ ಎಂದು ಕೇಳಿ, ಕೈ ತೊಳೆದು, ನಮ್ಮೆದುರೇ ಹೊಸ ಸೂಜಿಯ ಪೊಟ್ಟಣ ಬಿಡಿಸಿದರು. ಗಾಯ ಮಾಯಲು 6 ವಾರವಾದರೂ ಬೇಕು, ಕೈ ತೊಳೆಯದೆ ಮುಟ್ಟಬೇಡಿ ಎಂದರು.

ಮಗುವನ್ನು ನಾನೇ ಮಡಿಲಲ್ಲಿ ಕೂರಿಸಿಕೊಂಡೆ. ಬೆಲ್ಲದ ಚೂರು ಸೆರಗಿನ ಗಂಟಿನಲ್ಲಿತ್ತು.